ಬೆಲ್ಲ ನೀರು ಕುಡಿದ ಮನೆ

ಮಾರುವವರ ಮನೆಯಲ್ಲಿ ನಾನು ನೀರು ಕುಡಿಯುತ್ತಿರಲಿಲ್ಲ. ಇದು ನಾನಾಗಿ ಮಾಡಿಕೊಂಡ ನಿಯಮವಲ್ಲ. ಪುಣೆಗೆ ಬಂದ ಹೊಸದರಲ್ಲಿ ನನಗೆ ಕೆಲಸ ಕಲಿಸಿದ ವಿಜಾಪುರದ ಕಡೆಯ ಗವಂಡಿ, ಹಳೆಯ ಗಾರೆ ಕೆಲಸಗಾರ, ಹೇಳಿಕೊಟ್ಟದ್ದು. "ಮನಿ ನೋಡಾಕ ಹೋದಾಗ ಅವರ ಕೈಯಾಗಿನ ನೀರ ಸುದ್ದಾ ಮುಟ್ಟಬ್ಯಾಡ. ಕುಡದ ಮ್ಯಾಲ ಬಿರಕು ತೋರಿಸಾಕ ನಾಚಿಕಿ ಬರ್ತದ" ಅಂದಿದ್ದ. ನಾನು ಅದನ್ನು ಹದಿನಾರು ವರ್ಷ ಪಾಲಿಸಿದೆ. ಒಂದು ಸಲ ತಪ್ಪಿದೆ. ಆ ಒಂದು ಸಲದ ಬಗ್ಗೆಯೇ ಈ ಬರಹ.

ನಾನು ಓದಿದ್ದು ಮ್ಯಾಟ್ರಿಕ್‌ವರೆಗೆ. ಒಬ್ಬ ಬಿಲ್ಡರನ ಕೈಕೆಳಗೆ ಸುಪರ್‌ವೈಜರ್ ಆಗಿದ್ದೆ. ತೊಂಬತ್ತರ ದಶಕದಲ್ಲಿ ಪುಣೆಯ ಹೊರಗೆ ರಾಂಜಣಗಾಂವದ ಕಡೆ ಕಾರಖಾನೆಯ ಶೆಡ್ಡುಗಳು ಏಳುತ್ತಿದ್ದವು. ವಾರವಿಡೀ ಅಲ್ಲಿರುತ್ತಿದ್ದೆ. ಆದರೆ ರವಿವಾರ ನನ್ನದು ಬೇರೆ ಕೆಲಸ. ನಮ್ಮ ಧಾರವಾಡ, ಬೆಳಗಾವಿ, ಗದಗಿನ ಕಡೆಯ ಮಂದಿ, ಗುಮಾಸ್ತರು, ಅಂಗಡಿಯವರು, ಮಾಸ್ತರರು, ಬಾಡಿಗೆ ಮನೆಯಲ್ಲಿ ಹದಿನೈದು ಇಪ್ಪತ್ತು ವರ್ಷ ತೆಗೆದು ಕೊನೆಗೊಮ್ಮೆ ಯಾರೋ ಇದ್ದು ಬಿಟ್ಟ ಫ್ಲ್ಯಾಟು ಕೊಳ್ಳಲು ಹೊರಟಾಗ, ಮುಂಗಡ ಕೊಡುವ ಮೊದಲು ನನ್ನನ್ನು ಕರೆಯುತ್ತಿದ್ದರು. ಮನೆ ಪರೀಕ್ಷೆ ಮಾಡುವ ಇಂಜಿನಿಯರರು ಆಗ ನಮ್ಮಂಥವರಿಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಒಂದು ಬಿದಿರಿನ ಕೋಲಿತ್ತು. ಅದರ ತುದಿಗೆ ಕಬ್ಬಿಣದ ಟೋಪಿ ಹಾಕಿಸಿದ್ದೆ. ಅದರಿಂದ ಗೋಡೆ ಬಡಿಯುತ್ತಿದ್ದೆ, ನೆತ್ತಿಯ ಮೇಲಿನ ಸ್ಲ್ಯಾಬು ಬಡಿಯುತ್ತಿದ್ದೆ. ಗಟ್ಟಿ ಇದ್ದಲ್ಲಿ ಸದ್ದು ಗಿಡ್ಡಗೆ, ಚುರುಕಾಗಿ ಬರುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ದಪ್ಪಗೆ, ಸ್ವಲ್ಪ ತಡೆದು ಬರುತ್ತದೆ. ಆ ವ್ಯತ್ಯಾಸ ಕಿವಿಗೆ ಬರಲು ವರ್ಷಗಳೇ ಬೇಕು. ಎಲ್ಲ ನೋಡಿಯಾದ ಮೇಲೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ತಗೋರಿ" ಅಥವಾ "ಬ್ಯಾಡ್ರಿ." ಜನ ಆ ಒಂದು ಮಾತಿನ ಮೇಲೆ ಜೀವಮಾನದ ಉಳಿತಾಯ ಸುರಿಯುತ್ತಿದ್ದರು.

ಫೀ ಅಂತ ನಾನು ಕೇಳುತ್ತಿರಲಿಲ್ಲ. ಮನೆ ಹೊಕ್ಕ ದಿನ ಮಣೆಯ ಮೇಲೆ ಕೂಡ್ರಿಸಿ, ಕುಂಕುಮ ಹಚ್ಚಿ, ಟವೆಲ್ಲು ಕಾಯಿ ಕೊಟ್ಟು ಊಟ ಹಾಕುತ್ತಿದ್ದರು. ಆ ಟವೆಲ್ಲುಗಳನ್ನು ನನ್ನ ಹೆಂಡತಿ ಒಂದು ಟ್ರಂಕಿನಲ್ಲಿ ಒಟ್ಟಿದ್ದಳು. ಅವುಗಳನ್ನು ನೋಡಿದಾಗ ನನಗೆ ಹೆಮ್ಮೆಯಾಗುತ್ತಿತ್ತು.

ಪುಣೆಯ ಬಿಬವೇವಾಡಿಯ ಆ ಫ್ಲ್ಯಾಟು ಮೂರು ಅಂತಸ್ತಿನ ಹಳೆಯ ಕಟ್ಟಡದಲ್ಲಿ ಎರಡನೆಯ ಮಾಳಿಗೆಯದು. ಕೊಳ್ಳುವವನು ಬೆಳಗಾವಿ ಕಡೆಯ ಹುಡುಗ, ಮೂವತ್ತೈದರ ಆಸುಪಾಸು, ಒಂದು ಸಾಗಾಣಿಕೆ ಕಂಪನಿಯಲ್ಲಿ ಗುಮಾಸ್ತ. ನನ್ನನ್ನು ಕಾಕಾ ಅನ್ನುತ್ತಿದ್ದ. ಏಪ್ರಿಲ್ ತಿಂಗಳು, ಕೆಂಡದಂಥ ಬಿಸಿಲು. ನನಗೆ ಬಸ್ಸು ಬೇಗ ಸಿಕ್ಕಿ ಅವರಿಗಿಂತ ಮೊದಲೇ ಹೋಗಿ ಮುಟ್ಟಿದೆ. ಬಾಗಿಲು ತೆರೆದದ್ದು ಮಾರುವಾಕೆ, ಅರವತ್ತೈದು ದಾಟಿದ ಹೆಂಗಸು. ಗಂಡ ತೀರಿಕೊಂಡು ವರ್ಷವಾಗಿತ್ತು. ಮರಾಠಿಯಲ್ಲಿ ಒಳಗೆ ಕರೆದಳು. ನಾನು ಹೊಸ್ತಿಲ ಮೇಲೆ ಬೆವರು ಒರೆಸಿಕೊಳ್ಳುತ್ತ "ಉಸ್ಸಪ್ಪಾ, ಏನ ಬಿಸಲೋ" ಅಂದೆ.

"ಅಯ್ಯ, ನಮ್ಮ ಮಾತಿನವ ಏನು? ಯಾವೂರಪಾ?"

ಹೇಳಿದೆ.

"ಅವ್ವನ ತವರಮನಿ ಯಾವೂರು?"

ಅದನ್ನೂ ಹೇಳಿದೆ. ಮಲಪ್ರಭೆಯ ದಂಡೆಯ ಸಣ್ಣ ಹಳ್ಳಿ. ಪುಣೆಯಲ್ಲಿ ಆ ಹೆಸರು ಗೊತ್ತಿದ್ದವರು ನನಗೆ ಆವರೆಗೆ ಸಿಕ್ಕಿರಲಿಲ್ಲ. ಆಕೆ ಗೋಡೆಗೆ ಕೈ ಊರಿ ನಿಂತಳು.

"ಯಾರ ಮನಿ?"

"ಅಗಸಿ ಹತ್ತರ, ಮೂಲಿ ಮನಿರೀ."

"ಅಯ್ಯ ನನ ಮಗನ! ನಿಮ್ಮವ್ವಂದು ಎಡಗೈ ಕಿರಿಬೆರಳ ಸೊಟ್ಟ ಇತ್ತು. ಹೌದಲ್ಲ? ಬೀಸುಕಲ್ಲಿನಾಗ ಸಿಕ್ಕಿತ್ತದು. ಅವತ್ತ ನಾ ಅಲ್ಲೇ ಇದ್ದೆ, ನಾನೂ ಅದ ಊರಾಕಿ, ನಿಮ್ಮವ್ವನ ಗೆಳತಿ. ಹಂಗಾರ ನಾ ನಿನಗ ಚಿಗವ್ವ ಆಗಬೇಕು."

ಹೌದು, ನಮ್ಮವ್ವನ ಕಿರಿಬೆರಳು ಸೊಟ್ಟಗಿತ್ತು. ಅದು ಹೇಗಾಯಿತೆಂದು ಅವಳು ನಮಗೆ ಎಂದೂ ಹೇಳಿರಲಿಲ್ಲ. ಎರಡು ತಿಂಗಳ ಹಿಂದಷ್ಟೇ ಅವ್ವ ತೀರಿಕೊಂಡಿದ್ದಳು. ಫೋನು ಬಂದಾಗ ನಾನು ಶೆಡ್ಡಿನ ಪಾಯದಲ್ಲಿದ್ದೆ, ಸುದ್ದಿ ನನ್ನವರೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಊರು ಮುಟ್ಟಿದಾಗ ಮಣ್ಣು ಕೊಡುವುದು ಮುಗಿದಿತ್ತು. ಅವಳ ಮುಖ ನೋಡಿರಲಿಲ್ಲ. ಈ ಊರಲ್ಲಿ ಅವಳನ್ನು ಕಂಡವರು, ಅವಳ ಬೆರಳು ಕಂಡವರು ಒಬ್ಬರಿದ್ದಾರೆ ಅಂತ ತಿಳಿಯಿತು. ಕೂತುಬಿಟ್ಟೆ.

ಆಕೆ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದಳು, ತಾಟಿನಲ್ಲಿ ಒಂದು ಹೆಂಟೆ ಬೆಲ್ಲ. ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಕೊಡುವುದೇ ಹಾಗೆ. ಆಗ ನಿಯಮ ಮರೆತೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ತಂಬಿಗೆ ಕೈಗೆ ತಗೊಂಡಾಗ ಗವಂಡಿಯ ಮಾತು ನೆನಪಿತ್ತು. ನೆನಪಿದ್ದೂ ಬೆಲ್ಲ ಕಡಿದು ನೀರು ಕುಡಿದೆ.

"ತವರಮನಿ ಕೂಸು ಬಂದಂಗಾತು" ಅಂದಳು. ಖಾಲಿ ತಂಬಿಗೆ ಎತ್ತಿಕೊಂಡು, "ಮಗಳು ಇಂದಾಪುರದಾಗ ಇರ್ತಾಳ. ಈ ಮನಿ ಲಗೂನ ಹೋದ್ರ ಅಲ್ಲಿ ಹೋಗಿ ಬೀಳ್ತೀನಪಾ" ಅಂದಳು. ಅಷ್ಟೇ. ಸುಳ್ಳು ಹೇಳು ಅಂತ ಕೇಳಲಿಲ್ಲ. ಕೇಳಿದ್ದರೆ ನಾನು ಎದ್ದು ಹೋಗುತ್ತಿದ್ದೆನೇನೋ. ಇವತ್ತಿಗೂ ಆಕೆಯ ಮೇಲೆ ತಪ್ಪು ಹೊರಿಸಲು ನನಗೆ ಏನೂ ಸಿಕ್ಕಿಲ್ಲ.

ಆಮೇಲೆ ಹುಡುಗ ಬಂದ, ಹೆಂಡತಿ ಬಂದಳು, ಜೊತೆಗೆ ಅವನ ತಾಯಿ. ಎಪ್ಪತ್ತರ ಮುದುಕಿ, ಹಸಿರು ಇಳಕಲ್ ಸೀರೆ, ನೆಟ್ಟಗೆ ನಡೆಯುವಾಕೆ. ಮಗ ಜಿನೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ತಾಯಿ ನಕ್ಕಳು: "ನೋಡ, ಕುರ್ಚಿ ಮ್ಯಾಲ ಕುಂತ ಕುಂತ ನನ್ನ ಮಗಾ ನನಕಿಂತ ಮುದಕ ಆಗ್ಯಾನ."

ನಾನು ಕೋಲು ಹಿಡಿದು ಕೋಣೆಯಿಂದ ಕೋಣೆಗೆ ಹೋದೆ. ಮುಂದಿನ ಹಾಲ್ ಚಲೋ ಇತ್ತು. ಮಲಗುವ ಕೋಣೆ ಚಲೋ ಇತ್ತು. ಅಡುಗೆಮನೆಯ ಆಚೆ ಡ್ರೈ ಬಾಲ್ಕನಿ, ಅಂದರೆ ಪುಣೆಯ ಫ್ಲ್ಯಾಟುಗಳಲ್ಲಿ ಪಾತ್ರೆ ಬಟ್ಟೆ ತೊಳೆಯಲು ಬಿಡುವ ಸಣ್ಣ ಕಟ್ಟೆ. ಮೇಲಿನ ಮನೆಯವರ ತೊಳೆಯುವ ಜಾಗವೂ ಸರಿಯಾಗಿ ಅದರ ನೆತ್ತಿಯ ಮೇಲೆ. ಅಲ್ಲಿ ಮೇಲೆ ಸಿಮೆಂಟು ಮೆತ್ತಿ ಹೊಸ ಗಿಲಾವು ಮಾಡಿ ಸುಣ್ಣ ಬಳಿದಿದ್ದರು. ಕೋಲು ಎತ್ತಿ ಬಡಿದೆ. ದಪ್ಪ ಸದ್ದು. ಒಂದು ಗೇಣು ಸರಿದು ಬಡಿದೆ. ಅದೇ. ಇಡೀ ಚಾಪೆಯಷ್ಟು ಜಾಗ ಬಿಟ್ಟುಕೊಂಡಿತ್ತು. ಒಳಗಿನ ಕಬ್ಬಿಣದ ಸಳಿಗೆ ನೀರು ಹತ್ತಿ ತುಕ್ಕು ಉಬ್ಬಿ ಕಾಂಕ್ರೀಟನ್ನು ಕೆಳಗೆ ದೂಡುತ್ತಿತ್ತು. ಇದು ನನಗೆ ಅನುಮಾನವಾಗಿ ಅಲ್ಲ, ಖಾತ್ರಿಯಾಗಿ ತಿಳಿಯಿತು. ಮೂರನೆಯ ಸಲ ಬಡಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮುದುಕಿ ಕೇಳಿದಳು, "ತಮ್ಮಾ, ಅಲ್ಲಿ ಸಪ್ಪಳ ಬ್ಯಾರೆ ಬಂತಲ್ಲ?"

ಅವಳ ಹಿಂದೆ, ಅಡುಗೆಮನೆಯಲ್ಲಿ, ನಮ್ಮವ್ವನ ಗೆಳತಿ ನಿಂತಿದ್ದಳು. ನನ್ನ ಬಾಯಲ್ಲಿ ಬೆಲ್ಲದ ಸಿಹಿ ಇನ್ನೂ ಇತ್ತು.

"ಹೊಸಾ ಗಿಲಾವ್‌ರೀ ಅವ್ವಾರ. ಪೂರಾ ಆರೂತನಕ ಹಂಗ ಬರ್ತದ" ಅಂದೆ.

"ನಾ ಸಂತ್ಯಾಗ ಗಡಿಗಿ ಬಡದ ನೋಡಿ ತಗೊಂಡಾಕಿ. ಒಡಕ ಗಡಿಗಿ ಹಿಂಗ ಮಾತಾಡತದ."

ಮಗ ನಕ್ಕ. "ಅವ್ವಾ, ಇದೇನ್ ಗಡಿಗಿ ಸಂತಿ ಏನ? ಕಾಕಾ ಎಷ್ಟ ಮನಿ ನೋಡ್ಯಾರ, ನೀ ಎಷ್ಟ ನೋಡಿದಿ?"

"ನಾ ನೋಡಿದ್ದು ಒಂದ. ಮಣ್ಣಿಂದು. ಇನ್ನೂ ಬಿದ್ದಿಲ್ಲ" ಅಂದಳು.

ನಾನು "ತಗೋರಿ" ಅಂದೆ.

ವಾಸ್ತುಶಾಂತಿಯ ದಿನ ಮಣೆ ಹಾಕಿದರು, ಟವೆಲ್ಲು ಕಾಯಿ ಕೊಟ್ಟರು. ಮನೆಗೆ ತಂದು ಟ್ರಂಕಿನಲ್ಲಿ ಇಡಲು ಹೆಂಡತಿಗೆ ಕೊಡಲಿಲ್ಲ. ಬೇರೆ ಕಡೆ ಇಟ್ಟೆ. ಆಮೇಲೆ ಎರಡು ಸಲ ಆ ಓಣಿಯವರೆಗೆ ಹೋಗಿ ತಿರುಗಿ ಬಂದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು: ಆ ಗಿಲಾವು ಕೆರೆದು ತೆಗೆಸಿರಿ, ಅದರ ಕೆಳಗೆ ಕೂಡ್ರಬೇಡಿರಿ. ಹಾಗೆ ಹೇಳಿದರೆ ಮೊದಲು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಹೆದರಿ ದಿನ ತಳ್ಳಿದೆ. ದಿನ ತಳ್ಳುತ್ತ ಹೋದಂತೆ, ಏನೂ ಆಗಲಿಕ್ಕಿಲ್ಲ ಅನ್ನಿಸತೊಡಗಿತು.

ಮೂರನೆಯ ಮಳೆಗಾಲ ಮುಗಿದ ಮೇಲೆ, ಒಂದು ಮುಂಜಾನೆ ಎಂಟರ ಹೊತ್ತಿಗೆ ಬಾಲ್ಕನಿಯ ಆ ಸ್ಲ್ಯಾಬು ಚಕ್ಕೆ ಎದ್ದು ಬಿತ್ತು. ಆ ಮನೆಯಲ್ಲಿ ಎಳೆಬಿಸಿಲು ಬರುವುದು ಅಲ್ಲೊಂದೇ ಕಡೆ. ಮುದುಕಿ ದಿನಾ ಅಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕೂಡ್ರುತ್ತಿದ್ದಳಂತೆ. ಹೆಗಲ ಮೇಲೂ ಸೊಂಟದ ಮೇಲೂ ಬಿತ್ತು. ತಲೆ ಉಳಿಯಿತು. ತಲೆಗೇ ಬಿದ್ದಿದ್ದರೆ ಅವಳಿಗೆ ನೋವು ಕಡಿಮೆಯಾಗುತ್ತಿತ್ತು ಅಂತ ಆಮೇಲೆ ನನಗೇ ಎಷ್ಟೋ ಸಲ ಅನ್ನಿಸಿದೆ. ಹಾಗೆ ಅನ್ನಿಸುವುದೂ ಪಾಪವೇ.

ಮಗ ಮರುದಿನ ರಾಂಜಣಗಾಂವಕ್ಕೆ ಬಂದ. ಸೈಟಿನ ಬಿಸಿಲಲ್ಲಿ ನಿಂತು, "ಕಾಕಾ, ಒಮ್ಮೆ ಬಂದ ನೋಡ್ರಿ. ನನಗ ಏನೂ ತಿಳೀವಲ್ದು" ಅಂದ. ಹೋದೆ. ನೆಲ ತೊಳೆದಿದ್ದರು. ಮೂಲೆಯಲ್ಲಿ ಅಕ್ಕಿಕಾಳು ಇನ್ನೂ ಇದ್ದವು. ಮೇಲೆ ನೋಡಿದೆ. ಸಳಿಗಳು ಹೊರಬಂದು, ಪದರು ಪದರಾಗಿ ಎದ್ದು, ಕೈಯಿಂದ ಎಳೆದರೆ ಚಕ್ಕೆ ಬರುವಂತಿದ್ದವು. ಹತ್ತು ಹದಿನೈದು ವರ್ಷದ ತುಕ್ಕು.

"ನೀವು ನೋಡಿದಾಗ ಇದು ಗೊತ್ತಾಗುವಂಥಾದ್ದಿತ್ತೇನ್ರಿ ಕಾಕಾ?"

ಅವನು ಆರೋಪ ಮಾಡುತ್ತಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ.

"ಒಳಗಿಂದು ಯಾರಿಗೆ ಕಾಣತದಪಾ" ಅಂದೆ. ಮೊದಲನೆಯ ಸುಳ್ಳಿಗೆ ನಮ್ಮವ್ವನ ನೆಪವಾದರೂ ಇತ್ತು. ಈ ಎರಡನೆಯದಕ್ಕೆ ಯಾವ ನೆಪವೂ ಇಲ್ಲ.

ಆ ಸ್ಲ್ಯಾಬನ್ನು ನಾನೇ ರಿಪೇರಿ ಮಾಡಿದೆ. ಸಳಿ ಕೆರೆದು, ತುಕ್ಕಿನ ಔಷಧ ಬಳಿದು, ತಂತಿಯ ಜಾಳಿಗೆ ಕಟ್ಟಿ, ಮೂರು ರವಿವಾರ ನನ್ನ ಕೈಯಿಂದಲೇ ಗಿಲಾವು ಮಾಡಿದೆ. ಆದರೆ ನೀರು ಬರುತ್ತಿದ್ದದ್ದು ಮೇಲಿನಿಂದ. ಮೇಲಿನ ಮನೆಯವರು ತಮ್ಮ ಫರಶಿ ಒಡೆಯಲು ಬಿಡಲಿಲ್ಲ. ನೆಲ ಒಡೆಯದೆ ಮಾಡಿದ ರಿಪೇರಿ ಎಷ್ಟು ದಿನದ್ದು ಎಂದು ನನಗೆ ಗೊತ್ತಿತ್ತು. ಹುಡುಗ "ಆತೇನ್ರಿ ಕಾಕಾ? ಇನ್ನ ಚಿಂತಿಲ್ಲಲ್ಲ?" ಅಂದಾಗ "ಆತು" ಅಂದೆ.

ಗಿಲಾವು ಮಾಡುವಾಗ ಮುದುಕಿ ಒಳಗಿನ ಕೋಣೆಯಲ್ಲಿ ಮಲಗಿರುತ್ತಿದ್ದಳು. ಸೊಂಟದ ಎಲುಬು ಕೂಡಲಿಲ್ಲ. ಮಗ್ಗಲು ಹೊರಳಿಸಿದಾಗ ಅವಳು ಕೂಗುತ್ತಿದ್ದದ್ದು ಬಾಲ್ಕನಿಯವರೆಗೆ ಕೇಳುತ್ತಿತ್ತು. ಮೂರನೆಯ ರವಿವಾರ ಸೊಸೆ ಪೇಟೆಗೆ ಹೋಗಿದ್ದಳು, ಮಗ ಔಷಧ ತರಲು ಇಳಿದಿದ್ದ. ಅವಳು ನನ್ನನ್ನು ಕರೆದಳು. ಕೈಗೆ ಸಿಮೆಂಟು ಮೆತ್ತಿದ್ದ ಹಾಗೇ ಹೋಗಿ ನಿಂತೆ.

"ನಿನ್ನ ಕೋಲಿಗೆ ಗೊತ್ತಿತ್ತು. ಹೌದಲ್ಲ ತಮ್ಮಾ?"

ನಾನು ಬೆರಳ ಮೇಲಿನ ಸಿಮೆಂಟು ಕೆರೆದೆ.

"ಎರಡ ಸಲ ಬಡದಿ. ಮೂರನೇದ್ದು ಬಡೀಲಿಲ್ಲ. ಅವಾಗೇ ತಿಳೀತು ನನಗ. ಮಗಾ ನಕ್ಕ, ನಾನೂ ಬಿಟ್ಟೆ. ಈ ವಯಸ್ಸಿನಾಗ ಯಾರ ಕೂಡ ವಾದ ಮಾಡ್ಲಿ?"

ನಾನು ಮಂಚದ ಕಾಲು ಹಿಡಿದು ಕೂತೆ. "ಅವ್ವಾರ, ನಾ ಅವಗ ಹೇಳ್ತೀನಿ. ಇವತ್ತ ಹೇಳ್ತೀನಿ" ಅಂದೆ.

"ಹೇಳಬ್ಯಾಡ." ಅವಳ ದನಿ ಗಟ್ಟಿಯಾಗಿಯೇ ಇತ್ತು. "ಅವ್ವನ ಮಾತ ಬಿಟ್ಟ ಮಂದಿ ಮಾತ ಕೇಳಿದೆ ಅಂತ ಅವಗ ಜೀವ ಇರೂತನಕ ಹತ್ತತದ. ನಿನಗ ಏನ ಹತ್ತತದೋ ಅದು ನಿನ್ನ ಪಾಲಿಂದು. ಅವನ ತಲೀಗೆ ಯಾಕ ಹಾಕ್ತಿ?" ಆಮೇಲೆ ನನ್ನ ಕೈ ನೋಡಿ, "ಕೈ ತೊಳಕೊ ಹೋಗು. ಸಿಮೆಂಟ ಒಣಗಿದ್ರ ಚರ್ಮ ಕೀಳತದ" ಅಂದಳು.

ಏಳು ತಿಂಗಳು ಹಾಸಿಗೆಯಲ್ಲಿದ್ದು ಬೆನ್ನಿಗೆ ಹುಣ್ಣಾಗಿ ಸತ್ತಳು. ಮಣ್ಣಿಗೆ ನಾನು ಹೆಗಲು ಕೊಟ್ಟೆ. ಮಗನೇ ನನ್ನನ್ನು ಕರೆದು ನಿಲ್ಲಿಸಿದ.

ಹೇಳಬೇಡ ಅಂದ ಅವಳ ಮಾತನ್ನು ನಾನು ಆರೇಳು ವರ್ಷ ಉಳಿಸಿಕೊಂಡೆ. ಅದನ್ನು ಉಳಿಸಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಎಲ್ಲಕ್ಕಿಂತ ನಾಚಿಕೆಯ ಸಂಗತಿ ಅದೇ. ಮನೆ ನೋಡುವ ಕೆಲಸ ಬಿಟ್ಟೆ. ಯಾರಾದರೂ ಕರೆದರೆ ಕಿವಿ ಮಂದವಾಗಿದೆ ಅನ್ನುತ್ತಿದ್ದೆ. ಪ್ರತಿ ವರ್ಷ ತಾಯಿಯ ತಿಥಿಗೆ ಹುಡುಗ ನನ್ನನ್ನು ತಪ್ಪದೆ ಕರೆಯುತ್ತಿದ್ದ. ಹೋಗಿ ಉಂಡು ಬರುತ್ತಿದ್ದೆ. "ನಮ್ಮವ್ವನ ಬಾಜೂಕ್ಕ ಕೂತ ಮಾತಾಡಿಸಿದವರು ನೀವೊಬ್ಬರ" ಅನ್ನುತ್ತ ಬಡಿಸುತ್ತಿದ್ದ.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಅವನು ಆ ಫ್ಲ್ಯಾಟು ಮಾರಿ ಸ್ವಲ್ಪ ದೊಡ್ಡ ಮನೆಗೆ ಹೋಗುವವನಿದ್ದ. ಫೋನು ಮಾಡಿದ: "ಕಾಕಾ, ನೀವ ಸುಮ್ಮ ಬಂದ ನಿಂದರ್ರಿ. ತಗೊಳ್ಳಾವ್ರು ಬೆಂಗಳೂರ ಕಡೆಯವ್ರು. ಮಿಷನ್ ತಗೊಂಡ ಇಂಜಿನಿಯರ್‌ನ ಕರಕೊಂಡ ಬರ್ತಾರಂತ. ಮನಿ ನೋಡಾಕ ಇಂಜಿನಿಯರ್! ಏನ ಕಾಲ ಬಂತ ನೋಡ್ರಿ."

ಹೋದೆ. ಕೋಲು ಒಯ್ಯಲಿಲ್ಲ. ಡ್ರೈ ಬಾಲ್ಕನಿಯ ನೆತ್ತಿಗೆ ಈಗ ಬಿಳಿ ಪ್ಲಾಸ್ಟಿಕ್ಕಿನ ಹಲಗೆಗಳನ್ನು ಬಡಿಸಿದ್ದ. ಕಲೆ ಕಾಣುತ್ತಿದ್ದವಂತೆ, ಚಂದ ಇರಲಿ ಅಂತ ಹಾಕಿಸಿದನಂತೆ. ಅವನು ಮೋಸ ಮಾಡುತ್ತಿರಲಿಲ್ಲ. ನಾನು "ಆತು" ಅಂದದ್ದನ್ನು ನಂಬಿದ್ದ.

ಇಂಜಿನಿಯರು ಇನ್ನೂ ಚಿಕ್ಕ ವಯಸ್ಸಿನವ, ಕತ್ತಿನಲ್ಲಿ ಕಾರ್ಡು, ಕೈಯಲ್ಲಿ ಗೋಡೆಯ ತೇವ ಅಳೆಯುವ ಸಣ್ಣ ಯಂತ್ರ. ಚೊಕ್ಕವಾಗಿ ಕೆಲಸ ಮಾಡಿದ. ನಾನು ನೋಡದಿದ್ದ ವೈರಿಂಗು, ನಲ್ಲಿಯ ಒತ್ತಡ ಎಲ್ಲ ನೋಡಿ, ಫೋಟೋ ತೆಗೆದು, ಕಾಗದದಲ್ಲಿ ಗೆರೆ ಹಾಕುತ್ತ ಹೋದ. ಬಾಲ್ಕನಿಯಲ್ಲಿ ಯಂತ್ರವನ್ನು ಗೋಡೆಗೆ ಹಚ್ಚಿದ. ಮೇ ತಿಂಗಳು. ಮೇಲಿನ ಮನೆಯವರು ಬೀಗ ಹಾಕಿ ಊರಿಗೆ ಹೋಗಿದ್ದರು, ಹನಿ ನೀರು ಬಿದ್ದಿರಲಿಲ್ಲ. ಯಂತ್ರ ಸುಮ್ಮನಿತ್ತು. ಹಲಗೆ ಬಿಚ್ಚಲು ಆಗುತ್ತದೆಯೇ ಅಂತ ಮರಾಠಿಯಲ್ಲಿ ಕೇಳಿದ. "ಅದಕ್ಕ ಯಾಕ್ರಿ? ಮ್ಯಾಲಿಂದು ನಮ್ಮ ಕಾಕಾನ ರಿಪೇರಿ ಮಾಡ್ಯಾರ. ಐವತ್ತ ವರ್ಷ ನೋಡೂದ ಬ್ಯಾಡ" ಅಂತ ಹುಡುಗ ನಮ್ಮ ಮಾತಿನಲ್ಲೂ ಮರಾಠಿಯಲ್ಲೂ ಹೇಳಿ ನನ್ನ ಹೆಗಲ ಮೇಲೆ ಕೈ ಇಟ್ಟ. ಇಂಜಿನಿಯರು "ಹಲಗೆಯ ಮೇಲಿನದು ನೋಡಿಲ್ಲ" ಅಂತ ಒಂದು ಸಾಲು ಬರೆದುಕೊಂಡು ಮುಂದೆ ಹೋದ.

ಕೊಳ್ಳುವ ಹುಡುಗಿಯ ಹೆಗಲ ಮೇಲೆ ನಾಲ್ಕೈದು ತಿಂಗಳ ಕೂಸು ಮಲಗಿತ್ತು. ಅವಳು ಬಾಲ್ಕನಿಗೆ ಬಂದು ಹೊರಗೆ ನೋಡಿದಳು.

"ಅಂಕಲ್, ಬೆಳಗ್ಗೆ ಬಿಸಿಲು ಬರೋದು ಇಲ್ಲೊಂದೇ ಕಡೆ ಅಲ್ವಾ? ಪಾಪುನ ಎಣ್ಣೆ ಹಚ್ಚಿ ಇಲ್ಲೇ ಮಲಗಿಸ್ಬಹುದು" ಅಂದಳು.

ಅದೇ ಹೊತ್ತಿಗೆ ಮನೆ ಮಾರುವ ಹುಡುಗನ ಹೆಂಡತಿ ಎಲ್ಲರಿಗೂ ನೀರು ತಂದಳು. ನಾನು ಗ್ಲಾಸು ತಗೊಳ್ಳಲಿಲ್ಲ. "ಯಾಕ್ರಿ ಕಾಕಾ, ಬಿಸಲಾಗ ಬಂದೀರಿ" ಅಂದಳು.

"ಇಲ್ಲಿ ಮಲಗಿಸಬ್ಯಾಡವ್ವ" ಅಂದೆ. "ಆ ಹಲಗಿ ಬಿಚ್ಚಿಸಿ ನೋಡ್ರಿ. ನನ್ನ ರಿಪೇರಿ ಮ್ಯಾಲಿಂದ ಮ್ಯಾಲ ಮಾಡಿದ್ದು. ನೀರು ಇನ್ನೂ ಬರ್ತದ. ಒಂದ ದಿನ ಮತ್ತ ಬೀಳತದ."

ಹುಡುಗಿ ಕೂಸನ್ನು ಎದೆಗೊತ್ತಿಕೊಂಡು ಒಳಗೆ ಸರಿದಳು. ಅವಳ ಗಂಡ ಇಂಜಿನಿಯರನ ಕೂಡ ಏನೋ ಮಾತಾಡಿದ. ಹತ್ತು ನಿಮಿಷದಲ್ಲಿ, ಫೋನ್ ಮಾಡ್ತೀವಿ ಅಂದು ಮೂವರೂ ಇಳಿದು ಹೋದರು. ಮಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಹುಡುಗ, ಈಗ ಅವನ ಕಿವಿಯ ಹತ್ತಿರ ಕೂದಲು ನರೆತಿದ್ದವು, ನನ್ನ ಎದುರು ನಿಂತ. ವ್ಯಾಪಾರ ಮುರಿದದ್ದಕ್ಕೆ ಬೈಯುತ್ತಾನೆ ಅಂದುಕೊಂಡೆ. ಅವನು ಬೇರೆಯೇ ಲೆಕ್ಕ ಮಾಡುತ್ತಿದ್ದ.

"ಕಾಕಾ, ಮತ್ತ ಬೀಳತದ ಅಂತ ನಿಮಗ ಹ್ಯಾಂಗ ಗೊತ್ತು?"

"ಗೊತ್ತಾಗತದಪಾ."

"ಅಂದ್ರ ಮೊದಲ ಸಲಾನೂ?"

"ಅವತ್ತೂ ಕೇಳಿಸಿತ್ತು" ಅಂದೆ. "ನಿಮ್ಮವ್ವಗೂ ಕೇಳಿಸಿತ್ತು. ಆಕಿ ಹೇಳಿದ್ದು ಖರೆ. ನಾ ಸುಳ್ಳ ಹೇಳಿದೆ."

ಅವನು ಕೂಗಲಿಲ್ಲ, ಹೊಡೆಯಲಿಲ್ಲ. "ಗಡಿಗಿ ಸಂತಿ ಅಂದಿದ್ದೆ ನಾ" ಅಂತ ಅಷ್ಟೇ ಅಂದ. ಹೆಂಡತಿಗೆ ಕೇಳುವಂತೆ ಅಲ್ಲ, ನನಗೆ ಕೇಳುವಂತೆಯೂ ಅಲ್ಲ. ಮುದುಕಿ ಯಾವುದನ್ನು ಮಗನಿಂದ ತಪ್ಪಿಸಲು ಏಳು ತಿಂಗಳು ಬಾಯಿ ಮುಚ್ಚಿಕೊಂಡು ಮಲಗಿದ್ದಳೋ ಅದು ಅವನ ಮುಖದ ಮೇಲೆ ಬಂದು ಕೂತದ್ದನ್ನು ನಾನು ನೋಡಿದೆ.

ಅವನು ಸ್ಟೂಲು ಹತ್ತಿ, ಹಲಗೆಯ ಸಂದಿಗೆ ಬೆರಳು ಹಾಕಿ ಒಂದನ್ನು ಕಿತ್ತ. ಇನ್ನೊಂದನ್ನು ಕಿತ್ತ. ನನ್ನ ಗಿಲಾವಿನ ಮೇಲೆ ಕಂದು ಕಲೆ ಚಾಪೆಯಷ್ಟು ಹರಡಿತ್ತು. ಕೆಳಗಿಳಿದು, ಮೂಲೆಯಲ್ಲಿದ್ದ ಕಸಬರಿಗೆಯನ್ನು ತಿರುವಿ ಹಿಡಿದು, ಅದರ ಕೋಲಿನಿಂದ ಮೇಲೆ ಬಡಿದ.

"ಹಿಂಗೇನ್ರಿ? ಹಿಂಗ ಬಂದಿತ್ತೇನ ಸಪ್ಪಳ?"

"ಹೌದಪಾ. ಹಿಂಗ. ಅದರ ಕೆಳಗ ನಿಂದ್ರಬ್ಯಾಡ, ಈಚೆ ಬಾ."

ಅವನು ಬರಲಿಲ್ಲ. ಅಡುಗೆಮನೆಯ ಗೋಡೆಗೆ ಬಡಿದು ಕೇಳಿದ, ಮತ್ತೆ ಮೇಲೆ ಬಡಿದು ಕೇಳಿದ. ತಲೆ ಓರೆ ಮಾಡಿ, ತಾಯಿ ಅವತ್ತು ಬಾಗಿಲಲ್ಲಿ ನಿಂತಂತೆಯೇ ನಿಂತು, ಎರಡರ ವ್ಯತ್ಯಾಸ ಕಿವಿಗೆ ಸಿಗುವವರೆಗೆ ಬಡಿಯುತ್ತಲೇ ಇದ್ದ. ನಾನು ಜಿನೆ ಇಳಿದು ರಸ್ತೆಗೆ ಬಂದ ಮೇಲೂ ಅದು ಕೇಳುತ್ತಿತ್ತು. ಆ ವರ್ಷದಿಂದ ತಿಥಿಗೆ ಕರೆ ಬರಲಿಲ್ಲ.